ತಿಂಗಳಿಗೆ 18,000 ರೂಪಾಯಿ ನಿಜಕ್ಕೂ ಉಳಿಯುತ್ತದೆಯೇ?

ಪ್ರಶ್ನೆ: ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ವಾಹನಗಳ ಬಿಡಿಭಾಗ ತಯಾರಿಸುವ ಘಟಕ. ವಾರ್ಷಿಕ ವಹಿವಾಟು 20 ಕೋಟಿ ದಾಟಿದೆ. 55 ಕಂಪ್ಯೂಟರ್, ಒಂದು ಸರ್ವರ್, ಇಆರ್‌ಪಿ (ದಾಸ್ತಾನು, ಉತ್ಪಾದನೆ, ಲೆಕ್ಕಪತ್ರ ಎಲ್ಲವನ್ನೂ ಒಂದೆಡೆ ನಡೆಸುವ ತಂತ್ರಾಂಶ), ಲಾರಿ ತೂಗುವ ವೇಬ್ರಿಡ್ಜ್, ಹಾಜರಾತಿ ಯಂತ್ರಗಳಿವೆ. ಇದನ್ನೆಲ್ಲ ನೋಡಿಕೊಳ್ಳಲು ಇಬ್ಬರಿದ್ದಾರೆ. ಸಂಬಳ 42,000 ಮತ್ತು 24,000 ರೂಪಾಯಿ. ಬೆಂಗಳೂರಿನ ಒಂದು ಸಂಸ್ಥೆ ಎಲ್ಲ ಕೆಲಸವನ್ನೂ ತಿಂಗಳಿಗೆ 48,000 ರೂಪಾಯಿ ಮತ್ತು ಜಿಎಸ್‌ಟಿಗೆ ವಹಿಸಿಕೊಳ್ಳುತ್ತೇವೆ, ನಿಮಗೆ ತಿಂಗಳಿಗೆ 18,000 ಉಳಿಯುತ್ತದೆ ಎನ್ನುತ್ತಿದೆ. ನಂಬಬಹುದೇ? ಒಪ್ಪಿಕೊಂಡರೆ ಈ ಇಬ್ಬರನ್ನು ಏನು ಮಾಡಲಿ?

ಉತ್ತರ: ಈಗಿರುವ ರೂಪದಲ್ಲಿ ಈ ಗುತ್ತಿಗೆಯಿಂದ ಹಣ ಉಳಿಯುವುದಿಲ್ಲ. ಮೂರು ವರ್ಷಕ್ಕೆ ಹರಡಿ ಲೆಕ್ಕ ಹಾಕಿದರೆ ತಿಂಗಳಿಗೆ ಮೂರ್ನಾಲ್ಕು ಸಾವಿರ ಹೆಚ್ಚೇ ಖರ್ಚಾಗುತ್ತದೆ. ಆದರೆ ಕೆಲಸವನ್ನು ಒಡೆದು ಒಂದು ಪಾಲನ್ನು ಮಾತ್ರ ಹೊರಗೆ ಕೊಟ್ಟರೆ ಉಳಿತಾಯವೂ ಇದೆ, ಈಗ ನಿಮ್ಮಲ್ಲಿ ಇಲ್ಲದ, ಸರ್ವರ್ ಮೇಲಿನ ರಾತ್ರಿ ಕಾವಲೂ ಸಿಗುತ್ತದೆ. ಯಾವ ಪಾಲು, ಏಕೆ ಎಂಬುದನ್ನು ವಿವರವಾಗಿಯೇ ಹೇಳಬೇಕು.

ಹೊರಗುತ್ತಿಗೆ ಅಗ್ಗ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಬೆಂಗಳೂರನ್ನು ನೋಡಿ. ಅಮೆರಿಕದ ಕಂಪನಿ ಬೆಂಗಳೂರಿಗೆ ಕೆಲಸ ಕಳಿಸಿದಾಗ ಅದಕ್ಕೆ ಸಿಗುವ ದೊಡ್ಡ ಲಾಭ ಸಂಬಳದ ಅಂತರ. ತುಮಕೂರಿನಿಂದ ಬೆಂಗಳೂರಿಗೆ ಕೆಲಸ ಹೋದಾಗ ಆ ಅಂತರ ತಲೆಕೆಳಗಾಗುತ್ತದೆ. ಅಲ್ಲಿನ ಎಂಜಿನಿಯರ್ ಇಲ್ಲಿನವರಿಗಿಂತ ದುಬಾರಿ. ಅಲ್ಲಿನ ಕಚೇರಿ ಬಾಡಿಗೆ, ಮಾರಾಟದವರ ಸಂಬಳ, ಸಂಸ್ಥೆಯ ಲಾಭ ಎಲ್ಲವೂ ನಿಮ್ಮ ಬಿಲ್ಲಿನೊಳಗೇ ಇರುತ್ತವೆ. ಹೀಗಿದ್ದೂ 48,000ಕ್ಕೆ ಕೊಡಲು ಅವರಿಗೆ ಸಾಧ್ಯವಾಗುವುದು ಹಂಚಿಕೆಯಿಂದ. ಒಬ್ಬ ಸರ್ವರ್ ಪರಿಣತ ನಿಮಗೆ ದಿನಕ್ಕೆ ಒಂದೂವರೆ ತಾಸು ಬೇಕು. ಉಳಿದ ಸಮಯ ಅವನು ಬೇರೆ ಏಳೆಂಟು ಗ್ರಾಹಕರ ಕೆಲಸ ಮಾಡುತ್ತಾನೆ. ಹಂಚಿಕೊಳ್ಳಬಹುದಾದ ಕೆಲಸದಲ್ಲಿ ಹೊರಗುತ್ತಿಗೆ ಅಗ್ಗ. ಹಂಚಲಾಗದ ಕೆಲಸದಲ್ಲಿ, ಅಂದರೆ ನಿಮ್ಮ ಶೆಡ್ಡಿನೊಳಗೆ ಒಬ್ಬ ಮನುಷ್ಯ ನಿಂತೇ ಮಾಡಬೇಕಾದ ಕೆಲಸದಲ್ಲಿ, ಅದು ದುಬಾರಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಅವರು ತೋರಿಸಿದ ಲೆಕ್ಕದಲ್ಲಿ ಒಂದು ಕೊರತೆ ಅವರಿಗೇ ನಷ್ಟವಾಗುವಂಥದ್ದು, ಅದನ್ನು ಮೊದಲು ಸರಿಪಡಿಸೋಣ. ನಿಮ್ಮ ಇಬ್ಬರ ಖರ್ಚು 66,000 ಅಲ್ಲ. ಭವಿಷ್ಯನಿಧಿಗೆ ಮಾಲೀಕರ ಪಾಲು ಶೇ 12. 15,000 ರೂಪಾಯಿಯ ಮಿತಿಯಲ್ಲಿ ಕಟ್ಟುತ್ತಿದ್ದರೆ ತಲಾ 1,800, ಇಬ್ಬರಿಗೆ 3,600. ಇಬ್ಬರ ಸಂಬಳವೂ 21,000 ದಾಟಿರುವುದರಿಂದ ಇಎಸ್‌ಐ ಇಲ್ಲ. ಮೂಲವೇತನ ಸಂಬಳದ ಅರ್ಧ ಎಂದಿಟ್ಟುಕೊಂಡರೆ ಗ್ರಾಚ್ಯುಟಿಗೆ ಅದರ ಶೇ 4.81, ಅಂದರೆ ಸುಮಾರು 1,590. ಆಯುಧಪೂಜೆಗೆ ಅರ್ಧ ತಿಂಗಳ ಬೋನಸ್ ಕೊಡುವ ರೂಢಿಯಿದ್ದರೆ ತಿಂಗಳಿಗೆ 2,750. ಒಟ್ಟು ಸುಮಾರು 74,000 ರೂಪಾಯಿ. ಜಿಎಸ್‌ಟಿ ಶೇ 18, ಅಂದರೆ 8,640, ನಿಮಗೆ ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ವಾಪಸ್ ಬರುತ್ತದೆ. ಆದ್ದರಿಂದ ಅದನ್ನು ಖರ್ಚೆಂದು ಹಿಡಿಯಬೇಕಿಲ್ಲ. ಆದರೆ ಆ ಸಂಸ್ಥೆ ತನ್ನ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1 ಸಕಾಲಕ್ಕೆ ಸಲ್ಲಿಸಬೇಕು, ಇಲ್ಲವಾದರೆ ಬಿಲ್ ನಿಮಗೆ ಸಿಗುವ ಜಮೆಯ ಪಟ್ಟಿಯಲ್ಲಿ (ಜಿಎಸ್‌ಟಿಆರ್-2ಬಿ) ಕಾಣಿಸುವುದಿಲ್ಲ, ಜಮೆ ಸಿಕ್ಕಿಬೀಳುತ್ತದೆ. ಒಪ್ಪಂದಕ್ಕೆ ಮುನ್ನ ಅವರ ಜಿಎಸ್‌ಟಿ ಸಂಖ್ಯೆ ಹಾಕಿ ರಿಟರ್ನ್ ಸಲ್ಲಿಕೆಯ ದಿನಾಂಕಗಳನ್ನು ಪೋರ್ಟಲ್‌ನಲ್ಲೇ ನೋಡಿಬಿಡಿ. ಹೀಗೆ 74,000ದ ಎದುರು 48,000. ಕಾಗದದ ಮೇಲೆ ಉಳಿತಾಯ 18,000 ಅಲ್ಲ, 26,000.

ಇನ್ನು ಆ 48,000ದ ಹೊರಗೆ ಉಳಿದದ್ದನ್ನು ಎಣಿಸಬೇಕು.

ಇಂಥ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಇಷ್ಟೇ ಭೇಟಿ ಎಂಬ ಮಿತಿ ಇರುತ್ತದೆ. ಮೀರಿದರೆ ಪ್ರತಿ ಭೇಟಿಗೆ ಬೇರೆ ದರ. ಬೆಂಗಳೂರಿನಿಂದ ವಸಂತನರಸಾಪುರಕ್ಕೆ ಬರುವವರು ನೆಲಮಂಗಲ, ದಾಬಸ್‌ಪೇಟೆ ದಾಟಿ, ತುಮಕೂರನ್ನೂ ದಾಟಿ ಬರಬೇಕು. ಹೋಗಿಬರಲು ಅರ್ಧ ದಿನ ಕಳೆಯುತ್ತದೆ. ಒಂದು ಹೆಚ್ಚುವರಿ ಭೇಟಿಗೆ 2,500 ರೂಪಾಯಿಯಂತೆ ತಿಂಗಳಿಗೆ ನಾಲ್ಕು ಎಂದರೂ 10,000. ಕಾರ್ಖಾನೆಯಲ್ಲಿ ನಾಲ್ಕು ಹೆಚ್ಚೇನಲ್ಲ. ಎಣ್ಣೆ, ಲೋಹದ ಪುಡಿ, ಕರೆಂಟ್ ಹೋಗಿಬರುವುದು, ಯುಪಿಎಸ್ ಬ್ಯಾಟರಿ ಮೂರು ವರ್ಷಕ್ಕೆ ಸೋಲುವುದು, ಇವೆಲ್ಲ ಕಚೇರಿಗಿಂತ ಇಲ್ಲಿ ಜಾಸ್ತಿ. ವೇಬ್ರಿಡ್ಜ್‌ನ ಉದಾಹರಣೆ ನೋಡಿ: ತೂಕದ ಡಬ್ಬಿಯಿಂದ ಕಂಪ್ಯೂಟರಿಗೆ ಬರುವ ಯುಎಸ್‌ಬಿ-ಸೀರಿಯಲ್ ಕೇಬಲ್ ಅನ್ನು ಯಾರೋ ಕಿತ್ತು ಪಕ್ಕದ ತೂತಿಗೆ ಸಿಕ್ಕಿಸುತ್ತಾರೆ, ವಿಂಡೋಸ್ ಅದಕ್ಕೆ ಬೇರೆ ಕಾಮ್ ಪೋರ್ಟ್ ಸಂಖ್ಯೆ ಕೊಡುತ್ತದೆ, ತೂಕ ಪರದೆಗೆ ಬರುವುದು ನಿಲ್ಲುತ್ತದೆ. ಸ್ಥಳದಲ್ಲಿರುವವನಿಗೆ ಇದು ಎರಡು ನಿಮಿಷದ ಕೆಲಸ. ದೂರದಿಂದ ನೋಡುವವನು ಸಾಫ್ಟ್‌ವೇರ್ ತಪಾಸಣೆ ಮಾಡುತ್ತ ಒಂದು ತಾಸು ಕಳೆಯುತ್ತಾನೆ, ಅಷ್ಟು ಹೊತ್ತು ಲಾರಿ ತಟ್ಟೆಯ ಮೇಲೇ ನಿಂತಿರುತ್ತದೆ.

ಮುಂದಿನದು ಮೇಲ್ವಿಚಾರಣೆ. ದೂರು ದಾಖಲಿಸುವುದು, ಬೆನ್ನು ಹತ್ತುವುದು, ಬಿಲ್ ತಾಳೆ ನೋಡುವುದು ಯಾರದೋ ಒಬ್ಬರ ಕೆಲಸವಾಗಲೇಬೇಕು. ಸಾಮಾನ್ಯವಾಗಿ ಅದು ಲೆಕ್ಕಪತ್ರ ವಿಭಾಗದ ಮ್ಯಾನೇಜರ್ ತಲೆಗೆ ಬೀಳುತ್ತದೆ. 50,000 ಸಂಬಳದವರ ಒಂದು ತಾಸಿನ ಬೆಲೆ ಸುಮಾರು 240 ರೂಪಾಯಿ. ದಿನಕ್ಕೆ ಒಂದು ತಾಸಿನಂತೆ 26 ದಿನಕ್ಕೆ 6,240. ಈ ಹಣ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಜಿಎಸ್‌ಟಿ ರಿಟರ್ನ್ ಕೊನೆಯ ದಿನ ತಪ್ಪಿ ದಂಡ ಬಿದ್ದಾಗ ಬೇರೆ ಹೆಸರಿನಲ್ಲಿ ಕಾಣುತ್ತದೆ.

ಬದಲಾವಣೆಯ ಕೆಲಸ ಇನ್ನೊಂದು, ಮತ್ತು ಬಹಳ ಗುತ್ತಿಗೆಗಳು ಕೆಡುವುದು ಇಲ್ಲೇ. ಗುತ್ತಿಗೆಯಲ್ಲಿ ಬರೆದದ್ದು ‘ಇರುವುದನ್ನು ನಡೆಸಿಕೊಂಡು ಹೋಗುವುದು’. ಹೊಸ ವರದಿ ಬೇಕು, ಗ್ರಾಹಕ ಕಂಪನಿ ಲೇಬಲ್ ನಮೂನೆ ಬದಲಿಸಿತು, ಜಿಎಸ್‌ಟಿ ನಿಯಮ ಬದಲಾಯಿತು, ಇವೆಲ್ಲ ಹೆಚ್ಚುವರಿ. ತಾಸಿಗೆ 900 ರೂಪಾಯಿಯಂತೆ ತಿಂಗಳಿಗೆ 10 ತಾಸು ಎಂದರೆ 9,000. ಸಂಬಳದ ನೌಕರನಿಗೆ ‘ಈ ಕಾಲಂ ಸೇರಿಸಪ್ಪಾ’ ಎಂದರೆ ಮುಗಿಯಿತು. ಗುತ್ತಿಗೆಯಲ್ಲಿ ಅದೇ ಮಾತಿಗೆ ಅಂದಾಜುಪಟ್ಟಿ, ಒಪ್ಪಿಗೆ, ಬಿಲ್ ಬರುತ್ತವೆ.

ಕೊನೆಗೆ ಹಸ್ತಾಂತರ. ಮೊದಲ ಎರಡು ತಿಂಗಳು ಹಳಬರೂ ಹೊಸಬರೂ ಇಬ್ಬರೂ ಇರಲೇಬೇಕು, ಇಲ್ಲದಿದ್ದರೆ ಯಾವ ಕೇಬಲ್ ಯಾವ ಸ್ವಿಚ್ಚಿಗೆ ಎಂಬುದೂ ಗೊತ್ತಾಗುವುದಿಲ್ಲ. ಆ ಎರಡು ತಿಂಗಳ ಗುತ್ತಿಗೆ ಶುಲ್ಕ 96,000ವನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 2,670. ಮೂರು ವರ್ಷದ ಬಳಿಕ ಅವರನ್ನು ಬಿಡುವಾಗಲೂ ಖರ್ಚಿದೆ. 70,000 ಎಂದಿಟ್ಟರೆ ತಿಂಗಳಿಗೆ 1,940.

ಎಲ್ಲ ಕೂಡಿಸಿ: 48,000, 10,000, 6,240, 9,000, 2,670, 1,940. ಒಟ್ಟು 77,850 ರೂಪಾಯಿ. ಈಗಿನ ಖರ್ಚು 74,000.

ಇದರಲ್ಲಿ ಭೇಟಿ ಮತ್ತು ಬದಲಾವಣೆಯ ಸಂಖ್ಯೆಗಳು ನನ್ನ ಅಂದಾಜು, ನಿಮ್ಮ ನಿಜವಾದ ಸಂಖ್ಯೆ ನಿಮ್ಮಲ್ಲೇ ಸಿಗುತ್ತದೆ. ಒಂದು ತಿಂಗಳು ಐಟಿ ಕೋಣೆಯಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ದೂರಿಗೂ ನಾಲ್ಕು ಕಾಲಂ ಬರೆಯಲಿ: ಏನು ಕೆಟ್ಟಿತು, ಎಷ್ಟು ಹೊತ್ತಿಗೆ, ಕೈಯಿಟ್ಟು ಸರಿಮಾಡಬೇಕಾಯಿತೇ ಅಥವಾ ಕುರ್ಚಿಯಲ್ಲಿ ಕೂತೇ ಆಯಿತೇ, ಎಷ್ಟು ನಿಮಿಷ ಹಿಡಿಯಿತು. ಮೂರನೇ ಕಾಲಂನಲ್ಲಿ ‘ಕೈ’ ಎಂದು ಬಂದವು ಅರ್ಧಕ್ಕಿಂತ ಹೆಚ್ಚಾದರೆ ಪೂರ್ತಿ ಹೊರಗುತ್ತಿಗೆಯ ಮಾತು ಅಲ್ಲಿಗೇ ಬಿಡಿ. ತಯಾರಿಕಾ ಘಟಕಗಳಲ್ಲಿ ಹಾಗಾಗುವುದೇ ಹೆಚ್ಚು. 55 ಕಂಪ್ಯೂಟರೂ ಒಂದೇ ಮಹಡಿಯಲ್ಲಿರುವ, ಎಲ್ಲ ತಂತ್ರಾಂಶವೂ ಕ್ಲೌಡ್‌ನಲ್ಲಿರುವ ಕಚೇರಿಯಾಗಿದ್ದರೆ ಇದೇ ಗುತ್ತಿಗೆಗೆ ಸಹಿ ಹಾಕಿ ಎನ್ನುತ್ತಿದ್ದೆ.

ದೊಡ್ಡವರ ವಿಷಯದಲ್ಲೂ ಈ ಲೆಕ್ಕ ತಪ್ಪಿದ್ದಿದೆ. 1989ರಲ್ಲಿ ಕೊಡಾಕ್ ತನ್ನ ಡೇಟಾ ಸೆಂಟರ್ ಕೆಲಸವನ್ನು ಐಬಿಎಂಗೆ ಒಪ್ಪಿಸಿದ ಮೇಲೆ ದೊಡ್ಡ ಕಂಪನಿಗಳಲ್ಲಿ ಹೊರಗುತ್ತಿಗೆ ರೂಢಿಯೇ ಆಯಿತು. 2002ರಲ್ಲಿ ಜೆಪಿ ಮಾರ್ಗನ್ ಚೇಸ್ ಏಳು ವರ್ಷಕ್ಕೆ 500 ಕೋಟಿ ಡಾಲರ್‌ನ ಗುತ್ತಿಗೆಯನ್ನು ಐಬಿಎಂಗೆ ಕೊಟ್ಟಿತು. 2004ರಲ್ಲಿ ಬ್ಯಾಂಕ್ ಒನ್ ಜೊತೆ ವಿಲೀನವಾದ ಮೇಲೆ ಅದನ್ನು ರದ್ದು ಮಾಡಿ ಕೆಲಸವನ್ನೂ ಸುಮಾರು 4,000 ಜನರನ್ನೂ ಒಳಗೆ ಕರೆದುಕೊಂಡಿತು. ಹೊರಗೆ ಕಳಿಸಲೂ ಖರ್ಚು, ಮರಳಿ ತರಲೂ ಖರ್ಚು. ಅಂಥ ಬ್ಯಾಂಕ್ ಅದನ್ನು ತಡೆದುಕೊಳ್ಳುತ್ತದೆ, 20 ಕೋಟಿ ವಹಿವಾಟಿನ ಘಟಕಕ್ಕೆ ಕಷ್ಟ.

ಹಾಗಾದರೆ ಯಾವುದನ್ನು ಕೊಡಬೇಕು?

ರಾತ್ರಿ ಕಾವಲು ಮೊದಲು. ವಾರಕ್ಕೆ 168 ತಾಸು. ಒಬ್ಬರು ವಾರಕ್ಕೆ 48 ತಾಸು ದುಡಿದರೆ, ರಜೆ ಹಬ್ಬ ಕಳೆದು, ಒಂದು ಕುರ್ಚಿಯನ್ನು ದಿನದ 24 ತಾಸು ತುಂಬಿಡಲು ಕನಿಷ್ಠ ನಾಲ್ಕು ಜನ ಬೇಕು. ಕಾಯಿಲೆ, ರಾಜೀನಾಮೆ ಸೇರಿಸಿದರೆ ಐದು. ನೀವು ಇದನ್ನು ಸ್ವಂತವಾಗಿ ಮಾಡಲು ಸಾಧ್ಯವೇ ಇಲ್ಲ. ಫೈರ್‌ವಾಲ್ ಮತ್ತು ಸರ್ವರ್ ನಿಗಾ, ಭದ್ರತಾ ಪರಿಷ್ಕರಣೆ ಹಾಕುವುದು, ಬ್ಯಾಕಪ್ ಪರಿಶೀಲನೆ, ಮೇಲ್ ವ್ಯವಸ್ಥೆ, ಇವೆಲ್ಲ ದೂರದಿಂದ ಆಗುತ್ತವೆ, ಎಲ್ಲ ಗ್ರಾಹಕರಲ್ಲೂ ಒಂದೇ ರೀತಿ ಇರುತ್ತವೆ, ಆದ್ದರಿಂದ ಹಂಚಿಕೆಗೆ ಒಗ್ಗುತ್ತವೆ. ಇಷ್ಟಕ್ಕೆ ಮಾತ್ರ ದರ ಕೇಳಿ; 16,000ದ ಸುತ್ತಮುತ್ತ ತರಲು ಪ್ರಯತ್ನಿಸಿ.

ಒಳಗೇ ಉಳಿಯಬೇಕಾದದ್ದು ನಿಮ್ಮ ವ್ಯವಹಾರ ಗೊತ್ತಿದ್ದರೆ ಮಾತ್ರ ಮಾಡಬಹುದಾದ ಕೆಲಸ. ಇಆರ್‌ಪಿಯ ಐಟಂ ಪಟ್ಟಿ, ಯಾವ ಭಾಗಕ್ಕೆ ಎಷ್ಟು ಕಚ್ಚಾ ಮಾಲು ಎಂಬ ಪಟ್ಟಿ, ಜಾಬ್‌ವರ್ಕ್ (ನಮ್ಮ ಮಾಲನ್ನು ಹೊರಗೆ ಕಳಿಸಿ ಕೆಲಸ ಮಾಡಿಸುವುದು) ಚಲನ್. ನೀವು 100 ಕಿಲೋ ಸರಳು ಹೊರಗೆ ಕಳಿಸುತ್ತೀರಿ, 82 ಕಿಲೋ ಭಾಗಗಳೂ 18 ಕಿಲೋ ಗುಜರಿಯೂ ಆಗುತ್ತವೆ. ಇದು ಗೊತ್ತಿಲ್ಲದವನು ಬರೆದ ದಾಸ್ತಾನು ವರದಿಯಲ್ಲಿ ಪ್ರತಿ ಚಲನ್‌ನಲ್ಲೂ 18 ಕಿಲೋ ಬಾಕಿ ಎಂದು ಬೆಳೆಯುತ್ತ ಹೋಗುತ್ತದೆ. ಜಾಬ್‌ವರ್ಕ್‌ಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ಮರಳದಿದ್ದರೆ ಕಳಿಸಿದ ದಿನವೇ ಮಾರಾಟವಾಯಿತೆಂದು ಜಿಎಸ್‌ಟಿ ಕಾಯ್ದೆ ಎಣಿಸುತ್ತದೆ. ತೆರಿಗೆಯ ಜೊತೆ ಬಡ್ಡಿಯೂ ಬೀಳುತ್ತದೆ. ವರದಿಯ ತಪ್ಪು ಬೆಳೆದು ಇಲಾಖೆಯ ನೋಟಿಸ್‌ವರೆಗೆ ಹೋಗುವುದು ಈ ದಾರಿಯಲ್ಲೇ.

ನನ್ನ ಸಲಹೆಯ ಲೆಕ್ಕ ಹೀಗಿದೆ. ಇದರಲ್ಲಿ ಕಿರಿಯ ನೌಕರನ ಖರ್ಚು ಸೇರಿಲ್ಲ, ಅವನ ವಿಷಯ ಕೊನೆಗೆ ಹೇಳುತ್ತೇನೆ. ಹಿರಿಯ ನೌಕರನ ಪೂರ್ತಿ ಖರ್ಚು 46,560, ಹೊರಗಿನ ನಿಗಾ 16,000, ಹಸ್ತಾಂತರದ ಪಾಲು ಸುಮಾರು 900, ಹಿರಿಯನ ರಜೆಯ ದಿನಗಳಿಗೆ ವರ್ಷಕ್ಕೆ 12 ಭೇಟಿ ಎಂದು ತಿಂಗಳಿಗೆ 2,500. ಒಟ್ಟು 66,000ದ ಹತ್ತಿರ. 74,000ಕ್ಕೆ ಹೋಲಿಸಿದರೆ 8,000 ಉಳಿಯುತ್ತದೆ. ಅವರು ಹೇಳಿದ 18,000 ಅಲ್ಲ, ಆದರೆ ಇದು ಉಳಿಯುವ ಹಣ. ಆ 12 ಭೇಟಿಗಳನ್ನು ಬೆಂಗಳೂರಿನವರಿಗಿಂತ ತುಮಕೂರಿನಲ್ಲೇ ಇರುವ ಸಣ್ಣ ಸೇವಾ ಸಂಸ್ಥೆಗೆ ಕೊಡಿ. ಅರ್ಧ ತಾಸಿನಲ್ಲಿ ಬರುತ್ತಾರೆ.

ಒಪ್ಪಂದದ ಕಾಗದದಲ್ಲಿ ನೋಡಬೇಕಾದವು ಹಲವು ಇವೆ, ಎಲ್ಲಕ್ಕಿಂತ ಮೊದಲು ‘ಪ್ರತಿಕ್ರಿಯೆ ಸಮಯ’ ಎಂಬ ಮಾತು. ‘30 ನಿಮಿಷದಲ್ಲಿ ಪ್ರತಿಕ್ರಿಯೆ’ ಎಂದರೆ 30 ನಿಮಿಷದಲ್ಲಿ ಯಾರೋ ಫೋನ್ ಎತ್ತುತ್ತಾರೆ ಎಂದಷ್ಟೇ. ದುರಸ್ತಿ ಯಾವಾಗ ಮುಗಿಯಬೇಕು ಎಂಬುದನ್ನು ಬೇರೆಯಾಗಿ ಬರೆಸಿ. ‘ಶೇ 99 ಚಾಲ್ತಿ’ ಎಂಬ ಭರವಸೆ ಕೇಳಲು ಚೆಂದ. 30 ದಿನದ ತಿಂಗಳಲ್ಲಿ ಅದು 7 ತಾಸು 12 ನಿಮಿಷ ನಿಂತಿರಲು ಕೊಟ್ಟ ಅನುಮತಿ. ಶೇ 99.9 ಎಂದರೆ 43 ನಿಮಿಷ. ನಿಮ್ಮ ವಹಿವಾಟಿಗೆ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಿ ಸಂಖ್ಯೆ ಪಡೆದ ಬಿಲ್) ಕಡ್ಡಾಯ, 5 ಕೋಟಿ ದಾಟಿದವರಿಗೆಲ್ಲ 2023ರ ಆಗಸ್ಟ್ 1ರಿಂದಲೇ. ವ್ಯವಸ್ಥೆ ನಿಂತರೆ ಬಿಲ್ ಸಂಖ್ಯೆ ಹುಟ್ಟುವುದಿಲ್ಲ, ಲಾರಿ ಗೇಟ್ ದಾಟುವುದಿಲ್ಲ. ಸಂಜೆ 5ರಿಂದ 8ರ ರವಾನೆಯ ಹೊತ್ತಿಗೆ ಬೇರೆಯೇ ದುರಸ್ತಿ ಮಿತಿ ಹಾಕಿಸಿ. ತಪ್ಪಿದರೆ ಮಾಸಿಕ ಶುಲ್ಕದ ಶೇ 5 ಕಡಿತ ಎಂದಿದ್ದರೆ 16,000ಕ್ಕೆ ಅದು 800 ರೂಪಾಯಿ. ಆ ದಂಡ ನಿಮ್ಮ ನಷ್ಟ ತುಂಬುವುದಿಲ್ಲ. ಮೂರು ತಿಂಗಳು ಸತತ ತಪ್ಪಿದರೆ ನೋಟಿಸ್ ಅವಧಿಯಿಲ್ಲದೆ ಗುತ್ತಿಗೆ ಮುರಿಯುವ ಹಕ್ಕೇ ನಿಜವಾದ ಲಗಾಮು.

ಕೀಲಿಕೈಗಳು ನಿಮ್ಮ ಹತ್ತಿರ ಇರಲಿ. ಡೊಮೈನ್ ಹೆಸರು, ಕ್ಲೌಡ್ ಖಾತೆ, ಇಆರ್‌ಪಿ ಮತ್ತು ಟ್ಯಾಲಿ ಪರವಾನಗಿ, ಫೈರ್‌ವಾಲ್‌ನ ಮುಖ್ಯ ಪಾಸ್‌ವರ್ಡ್, ಎಲ್ಲವೂ ಕಂಪನಿಯ ಹೆಸರಿನಲ್ಲಿ, ಕಂಪನಿಯ ಮೇಲ್ ವಿಳಾಸದಲ್ಲಿ ಇರಬೇಕು. ಇ-ಇನ್‌ವಾಯ್ಸ್ ಮತ್ತು ಮಾಲು ಸಾಗಣೆಯ ಇ-ವೇ ಬಿಲ್ ಪೋರ್ಟಲ್‌ಗಳಿಗೆ ಈಗ ಒಟಿಪಿ ಇಲ್ಲದೆ ಪ್ರವೇಶವಿಲ್ಲ. ಆ ಒಟಿಪಿ ಹೋಗುವ ಮೊಬೈಲ್ ಸಂಖ್ಯೆ ಕಂಪನಿಯದೇ ಎಂದು ಇವತ್ತೇ ನೋಡಿ. ಕೆಲಸ ಬಿಟ್ಟವರ ಸಂಖ್ಯೆ ಅಲ್ಲಿ ಉಳಿದಿದ್ದರೆ ಒಂದು ಸಂಜೆಯ ರವಾನೆ ಹೋದಂತೆಯೇ.

ಅವರಿಂದ ಏನಾದರೂ ತಂತ್ರಾಂಶ ಬರೆಸುವುದಾದರೆ ಕಾಪಿರೈಟ್ ಕಾಯ್ದೆ ತಿಳಿದಿರಬೇಕು. ನಿಮ್ಮ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಕೋಡ್, ಬೇರೆ ಒಪ್ಪಂದವಿಲ್ಲದಿದ್ದರೆ, ನಿಮ್ಮದೇ. ಗುತ್ತಿಗೆದಾರ ಬರೆದದ್ದು ಅವನದು, ನೀವು ಹಣ ಕೊಟ್ಟಿದ್ದರೂ ಸಹ. ಲಿಖಿತ ವರ್ಗಾವಣೆ ಬೇಕು. ಅದರಲ್ಲೂ ಅವಧಿ ಬರೆಯದಿದ್ದರೆ 19ನೇ ಕಲಂ ಪ್ರಕಾರ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಂದು ವರ್ಷ ಬಳಸದಿದ್ದರೆ ಹಕ್ಕು ಬಿದ್ದುಹೋಗುತ್ತದೆ ಎಂಬ ನಿಯಮವೂ ಇದೆ. ಆದ್ದರಿಂದ ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಬಳಸದಿದ್ದರೂ ರದ್ದಾಗದಂತೆ’ ಎಂದೇ ಬರೆಸಬೇಕು. ಮೂಲ ಕೋಡ್ ಪ್ರತಿ ತಿಂಗಳು ನಿಮ್ಮ ಖಾತೆಗೆ ಬರಲಿ.

ಭದ್ರತೆಯ ವಿಷಯದಲ್ಲಿ ಹೊರಗಿನವರು ರಕ್ಷಣೆಯೂ ಹೌದು, ಬಾಗಿಲೂ ಹೌದು. 2021ರ ಜುಲೈನಲ್ಲಿ ಕಸೇಯಾ ಎಂಬ ದೂರ ನಿರ್ವಹಣಾ ತಂತ್ರಾಂಶದ ಮೂಲಕ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ನುಗ್ಗಿ, ಅದನ್ನು ಬಳಸುತ್ತಿದ್ದ ಸೇವಾ ಸಂಸ್ಥೆಗಳ ಗ್ರಾಹಕರಾದ ನೂರಾರು ಸಣ್ಣ ಕಂಪನಿಗಳು ಒಂದೇ ವಾರಾಂತ್ಯದಲ್ಲಿ ನಿಂತವು. ನಮ್ಮಲ್ಲೇ 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ದಾಳಿಯಾದಾಗ ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಸ್ಥೆಯನ್ನು, ಯುಪಿಐನಂಥ ಪಾವತಿ ಜಾಲ ನಡೆಸುವ ಎನ್‌ಪಿಸಿಐ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಆದ್ದರಿಂದ ದೂರಸಂಪರ್ಕದ ಪ್ರತಿ ಪ್ರವೇಶಕ್ಕೂ ಎರಡು ಹಂತದ ದೃಢೀಕರಣ ಇರಲಿ, ಅವರ ಪ್ರತಿ ಎಂಜಿನಿಯರ್‌ಗೂ ಬೇರೆ ಲಾಗಿನ್ ಇರಲಿ. ಬ್ಯಾಕಪ್ ಮೂರು ಪ್ರತಿ, ಅದರಲ್ಲಿ ಒಂದು ಅವರ ಕೈಗೆ ನಿಲುಕದ ಕಡೆ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಇಆರ್‌ಪಿಯನ್ನು ಬೇರೆ ಯಂತ್ರದಲ್ಲಿ ಎಬ್ಬಿಸಿ, ಹಿಂದಿನ ದಿನದ ಕೊನೆಯ ಇನ್‌ವಾಯ್ಸ್ ಕಾಣಿಸುತ್ತದೆಯೇ ನೋಡಿ. ಹೀಗೆ ಪರೀಕ್ಷಿಸದ ಬ್ಯಾಕಪ್ ಇದ್ದೂ ಇಲ್ಲದಂತೆ. ನಿಮ್ಮದು ಕಂಪನಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ವಿದ್ಯುನ್ಮಾನ ಲೆಕ್ಕಪುಸ್ತಕದ ಬ್ಯಾಕಪ್ ಪ್ರತಿದಿನ ಭಾರತದಲ್ಲಿರುವ ಸರ್ವರ್‌ಗೆ ಹೋಗಲೇಬೇಕು. ಸೈಬರ್ ದಾಳಿಯಾದರೆ ಗೊತ್ತಾದ 6 ತಾಸಿನೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, 180 ದಿನದ ಲಾಗ್ (ವ್ಯವಸ್ಥೆಯ ಚಟುವಟಿಕೆಯ ದಾಖಲೆ) ಇಟ್ಟಿರಬೇಕು. ಗಡಿಯಾರ ನಿಮ್ಮದು ಓಡುತ್ತಿರುತ್ತದೆ, ಸುದ್ದಿ ಮಾತ್ರ ಅವರಿಂದ ಬರಬೇಕು. ಆದ್ದರಿಂದ ಅವರು ನಿಮಗೆ 2 ತಾಸಿನೊಳಗೆ ತಿಳಿಸಬೇಕೆಂದು ಬರೆಸಿ.

ಹಣ ಕೊಡುವ ವಿಷಯ ಚುಟುಕಾಗಿ: ತಾಂತ್ರಿಕ ಸೇವೆಯ ಬಿಲ್ಲಿಗೆ, ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೆ, ಶೇ 2 ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ). ಅವರು ಉದ್ಯಮ್ ನೋಂದಣಿಯ ಸೂಕ್ಷ್ಮ ಅಥವಾ ಸಣ್ಣ ಸಂಸ್ಥೆಯಾಗಿದ್ದರೆ ಲಿಖಿತ ಒಪ್ಪಂದವಿದ್ದಾಗ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಪಾವತಿ; ಮಾರ್ಚ್ ಕೊನೆಗೆ ಅವಧಿ ಮೀರಿ ಉಳಿದ ಬಾಕಿ ಆ ವರ್ಷ ಖರ್ಚೆಂದು ಒಪ್ಪಿತವಾಗುವುದಿಲ್ಲ.

ಇನ್ನು ನಿಮ್ಮ ಇಬ್ಬರ ವಿಷಯ. ಹಿರಿಯನನ್ನು ಬಿಡಬೇಡಿ. ಗುತ್ತಿಗೆಯ ಮೇಲ್ವಿಚಾರಣೆ ಅವನ ಕೆಲಸದ ಪಟ್ಟಿಯಲ್ಲಿ ಬರಲಿ, ಸಂಬಳದಲ್ಲೂ ಅದು ಕಾಣಲಿ. ಉಳಿದ 8,000ದಲ್ಲಿ 3,000 ಅವನಿಗೆ ಹೋದರೂ ನಷ್ಟವಿಲ್ಲ. ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಎಂಜಿನಿಯರ್‌ಗಳು ಎಷ್ಟು ಜನ ಎಂಬುದು ನಿಮಗೆ ಗೊತ್ತು. ಊರಲ್ಲೇ ಇದ್ದು ದುಡಿಯಲು ಒಪ್ಪಿದ ಅನುಭವಿಯನ್ನು ಕಳೆದುಕೊಂಡರೆ ಊರಿನ ಎಂಜಿನಿಯರಿಂಗ್ ಕಾಲೇಜುಗಳಾದ ಎಸ್‌ಐಟಿ, ಎಸ್‌ಎಸ್‌ಐಟಿಗಳಿಂದ ಹೊಸಬರು ಖಂಡಿತ ಸಿಗುತ್ತಾರೆ, ಆದರೆ ನಿಮ್ಮ ಜಾಬ್‌ವರ್ಕ್ ಲೆಕ್ಕ ಅರ್ಥವಾಗಲು ಅವರಿಗೆ ಒಂದು ವರ್ಷ ಬೇಕು.

ಕಿರಿಯನಿಗೆ ರವಾನೆ ವಿಭಾಗದಲ್ಲಿ ಇ-ಇನ್‌ವಾಯ್ಸ್, ಇ-ವೇ ಬಿಲ್, ಚಲನ್‌ಗಳ ಜವಾಬ್ದಾರಿ ಕೊಡಬಹುದೇ ನೋಡಿ. ಅಲ್ಲಿ ಹೇಗೂ ಒಬ್ಬರು ಬೇಕಿದ್ದರೆ ಮಾತ್ರ ಮೇಲೆ ಹೇಳಿದ ಉಳಿತಾಯ ನಿಜವಾಗುತ್ತದೆ; ಬೇಡವಾದ ಕಡೆ ಕೂರಿಸಿದರೆ ಖರ್ಚು ಜಾಗ ಬದಲಿಸಿತು ಅಷ್ಟೆ. ಬಿಡಲೇಬೇಕಾದರೆ, ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವ, ಒಂದು ವರ್ಷ ಮೀರಿದ ನೌಕರನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ವೇತನ, ಸೇವೆಯ ಪ್ರತಿ ವರ್ಷಕ್ಕೂ 15 ದಿನದ ಸರಾಸರಿ ವೇತನ ಕೊಡಬೇಕು. ಐದು ವರ್ಷವಾಗಿದ್ದರೆ ಗ್ರಾಚ್ಯುಟಿಯೂ ಸೇರುತ್ತದೆ. ಇಬ್ಬರಿಗೂ ಗುತ್ತಿಗೆಯ ವಿಷಯವನ್ನು ನೀವೇ ಕೂರಿಸಿ ಹೇಳಿ, ಅದೂ ಬೆಂಗಳೂರಿನವರು ಪರಿಶೀಲನೆಗೆಂದು ಶೆಡ್ಡಿಗೆ ಕಾಲಿಡುವ ಮೊದಲು. ಪಾಸ್‌ವರ್ಡ್ ಪಟ್ಟಿ, ನೆಟ್‌ವರ್ಕ್ ನಕ್ಷೆ, ಪರವಾನಗಿಗಳ ಕೊನೆ ದಿನಾಂಕ ಇವರಿಬ್ಬರ ತಲೆಯಲ್ಲಿವೆ. ಭಯದಲ್ಲಿರುವ ಮನುಷ್ಯ ಅವನ್ನು ಪೂರ್ತಿ ಬರೆದುಕೊಡುವುದಿಲ್ಲ.

ಸಹಿಗೆ ಆತುರ ಬೇಡ. ನೋಟ್‌ಬುಕ್ ಒಂದು ತಿಂಗಳು ತುಂಬಲಿ, ಆಮೇಲೆ ನಿಗಾ ಕೆಲಸಕ್ಕೆ ಮಾತ್ರ ಮೂರು ಕಡೆಯಿಂದ ದರಪಟ್ಟಿ ತರಿಸಿ. ಮೊದಲ ಒಪ್ಪಂದ ಆರು ತಿಂಗಳಿಗಿಂತ ಹೆಚ್ಚಿನ ಅವಧಿಯದು ಆಗದಿರಲಿ.